ಹಿಂದಿನ ಸೀಟು

ಮುಂಬೈಯ ಪವಾಯಿ ಕೆರೆಯ ಕಡೆ ಮುಖ ಮಾಡಿ ನಿಂತ ಆ ಎತ್ತರದ ಬಿಲ್ಡಿಂಗುಗಳ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಜಮಾಲಸಾಬನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ವಾಚ್‌ಮನ್‌ಗಳ ಬಾಯಲ್ಲಿ ಅವನು ‘ಅಂದರ್‌ವಾಲಾ’. ಬೆಳಗಾದರೆ ಬಕೆಟ್ಟು ಹಿಡಿದು ಬಂದು ಕಾರುಗಳ ಮೈ ಒರೆಸಿ ಹೋಗುವವರು ಬೇರೆ ಇದ್ದರು. ಜಮಾಲಸಾಬನದು ಒಳಗಿನ ಕೆಲಸ. ಕೂತವರ ಬೆವರು, ಮಕ್ಕಳು ಚೆಲ್ಲಿದ ಹಾಲು, ಜುಹೂ ದಂಡೆಯಿಂದ ಕಾಲಿಗಂಟಿ ಬಂದ ಮರಳು, ಮಳೆಗಾಲದಲ್ಲಿ ಸೀಟಿನ ಮೇಲೆ ಬೆಳ್ಳಗೆ ಹಬ್ಬುವ ಬೂಷ್ಟು, ಇವನ್ನೆಲ್ಲ ತೆಗೆಯಬೇಕು. ಆಮೇಲೆ ಚರ್ಮದ ಸೀಟು ಒಣಗಿ ಸಿಗಿಯದಂತೆ, ಡ್ಯಾಶ್‌ಬೋರ್ಡು ಬಿಸಿಲಿಗೆ ಬಿರುಕು ಬಿಡದಂತೆ ಕ್ರೀಮು ಸವರಬೇಕು. ಮುಗಿದ ಮೇಲೆ ಆ ಕಾರಿನಲ್ಲಿ ಮೊದಲು ಯಾರೂ ಕೂತೇ ಇರಲಿಲ್ಲವೇನೋ ಅನ್ನಿಸಬೇಕು. ಅದು ಅವನ ಮಾತು, ಅದರಲ್ಲಿ ಅವನಿಗೆ ಹೆಮ್ಮೆ.

ಜೊತೆಗೆ ಹೆಂಡತಿ ಸುಗರಾ ಇರುತ್ತಿದ್ದಳು. ಗಂಡ ಹೆಂಡತಿ ಕೂಡಿ ಈ ಕೆಲಸ ಮಾಡುವುದನ್ನು ಆ ಕಡೆಯವರು ಬೇರೆಲ್ಲೂ ನೋಡಿರಲಿಲ್ಲ. ಸೀಟು ಉಜ್ಜುವುದು, ಧೂಳೆಳೆಯುವ ಮಶೀನು ಹಿಡಿಯುವುದು ಗಂಡನ ಪಾಲು. ಸುಗರಾಳ ಕೈ ಸಣ್ಣದು. ಏಸಿಯ ಗಾಳಿ ಬರುವ ಸಂದಿಗೆ, ಗೇರಿನ ಬುಡಕ್ಕೆ, ಸೀಟು ಜಾರುವ ಕಂಬಿಯ ನಡುವಿಗೆ ಪೇಂಟಿನ ಬ್ರಷ್ಷು ಹಾಕಿ ಎಳೆದರೆ ಎಷ್ಟೋ ವರ್ಷದ ಕೊಳೆ ಹೊರಗೆ ಬರುತ್ತಿತ್ತು. ಆದರೆ ಆಕೆಯ ದೊಡ್ಡ ಆಸ್ತಿ ಅಂದರೆ ಮೂಗು.

ಒಮ್ಮೆ ಒಬ್ಬರ ಕಾರಿನಲ್ಲಿ ತಡೆಯಲಾರದಷ್ಟು ನಾತ. ಎರಡು ಕಡೆ ಕೊಟ್ಟು ತೊಳೆಸಿಕೊಂಡು ಬಂದಿದ್ದರು, ಹೋಗಿರಲಿಲ್ಲ. ಇಲಿ ಸತ್ತಿರಬೇಕು ಎಂದು ಜಮಾಲಸಾಬ ಬಾನೆಟ್ ಎತ್ತಿ ಹುಡುಕತೊಡಗಿದ. ಸುಗರಾ ಒಳಗೆ ಕೂತು ಬಾಗಿಲು ಎಳೆದುಕೊಂಡಳು. ಕಣ್ಣು ಮುಚ್ಚಿ ಮೂಸಿದಳು. ಆಮೇಲೆ ಕಿಟಕಿಯ ಕಾಚು ಇಳಿಸಿ, “ಇಲಿ ಅಲ್ಲರೀ, ಇದು ಹೂವು. ಕೊಳತ ಹೂವು. ಎಡಕ್ಕ, ಕೆಳಗ” ಅಂದಳು. ಹಿಂದಿನ ಸೀಟು ಎತ್ತಿ ನೋಡಿದರೆ ಬೆಲ್ಟಿನ ಬುಡದಲ್ಲಿ ಯಾವುದೋ ಮದುವೆಯ ಮಲ್ಲಿಗೆ ಮಾಲೆ ಕಪ್ಪಗೆ ಅಂಟಾಗಿ ಕೂತಿತ್ತು. ಕಾರಿನ ಮಾಲೀಕರಿಗೆ ನಗು ತಡೆಯಲಾಗಲಿಲ್ಲ. ಅದು ತಮ್ಮ ಮಗಳ ಮದುವೆಯದೇ ಮಾಲೆ ಎಂದರು. ಸುಗರಾಳೂ ನಕ್ಕಳು. ಮುಖ ಕೆಂಪಗಾಗಿ, ಓಢಣಿಯ ತುದಿ ಬಾಯಿಗಿಟ್ಟುಕೊಂಡು ನಗುವ ಹೆಂಡತಿಯನ್ನು ಜಮಾಲಸಾಬ ಕಾರಿನ ಆ ಕಡೆಯಿಂದ ನೋಡುತ್ತ ನಿಂತಿದ್ದ.

ಇಬ್ಬರೂ ತಾಳಿಕೋಟಿ ಕಡೆಯವರು. ಜಮಾಲಸಾಬ ಮೀಸೆ ಮೂಡುವ ವಯಸ್ಸಿನಲ್ಲಿ ಮುಂಬೈಗೆ ಬಂದು ಕುರ್ಲಾದ ಒಂದು ಅಂಗಡಿಯಲ್ಲಿ ಕಾರಿನ ಸೀಟಿಗೆ ಕವರು ಹೊಲಿಯುವುದನ್ನು ಕಲಿತ. ಮದುವೆಯಾಗಿ ಸುಗರಾ ಬಂದ ಮೇಲೆ ಅವಳೂ ಮನೆಯಲ್ಲಿ ಕೂತು ಸೀಟಿನ ತಲೆದಿಂಬಿನ ಕವರುಗಳಿಗೆ ಅಂಚು ಹೊಲಿದುಕೊಡುತ್ತಿದ್ದಳು. ಬರಬರುತ್ತ ಕಾರುಗಳು ಕಂಪನಿಯಿಂದಲೇ ಚರ್ಮದ ಸೀಟು ಹಾಕಿಕೊಂಡು ಬರತೊಡಗಿದವು. ಕವರು ಕೇಳುವವರು ಕಡಿಮೆಯಾದರು. ಹೊಲಿಯುವವನು ತೊಳೆಯುವವನಾದ. ಮೊದಲ ದಿನ ಒಬ್ಬನೇ ಹೊರಟಾಗ ಸುಗರಾ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ನೀ ಎಲ್ಲಿಗೆ?”

“ನಿಮ್ಮ ಸಂಗಟ. ಮನ್ಯಾಗ ಕುಂತು ಏನ ಮಾಡ್ಲಿ? ಸಂದಿಯೊಳಗ ನಿಮ್ಮ ಕೈ ಹೋಗಂಗಿಲ್ಲ, ನನ್ನ ಕೈ ಹೋಗ್ತದ.”

ಅಂದಿನಿಂದ ವಿಕ್ರೋಲಿ ಪಾರ್ಕ್‌ಸೈಟಿನ ಗುಡ್ಡದ ಮೇಲಿನ ಚಾಳಿನಿಂದ ಇಬ್ಬರೂ ಕೂಡಿಯೇ ಇಳಿದು ಹೋಗುತ್ತಿದ್ದರು. ಮಗಳು ನಿಶಾತ ಶಾಲೆಗೆ, ಆಮೇಲೆ ಕಾಲೇಜಿಗೆ, ಆಮೇಲೆ ಘಾಟಕೋಪರದ ಒಂದು ರಕ್ತ ತಪಾಸಣೆಯ ಲ್ಯಾಬಿನ ಕೌಂಟರಿಗೆ ಹೋಗುವಂತಾದಳು. ಅವಳು ಮನೆಯಲ್ಲಿ ದಖನಿ ಉರ್ದು, ಹೊರಗೆ ಹಿಂದಿ ಆಡುತ್ತ ಬೆಳೆದವಳು. ತಾಯಿ ತಂದೆ ತಮ್ಮತಮ್ಮೊಳಗೆ ಕನ್ನಡ ಆಡುವಾಗ ಎಲ್ಲ ತಿಳಿಯುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ.

ಪವಾಯಿಯ ಆ ಬಿಲ್ಡಿಂಗಿನಲ್ಲಿ ಇವರೊಂದಿಗೆ ಕನ್ನಡ ಆಡುವವರು ಒಬ್ಬರೇ, ಸೇವಂತಿಯಕ್ಕ. ಉಡುಪಿ ಕಡೆಯವರು. ಗಂಡ ತೀರಿಕೊಂಡ ಮೇಲೆ ಮಾಟುಂಗದಲ್ಲಿದ್ದ ಹೋಟೆಲನ್ನು ತಾವೇ ನೋಡಿಕೊಳ್ಳುತ್ತಿದ್ದರು. ದಿನಾ ಬೆಳಿಗ್ಗೆ ತಾವೇ ಕಾರು ಓಡಿಸಿಕೊಂಡು ಹೋಗುವ ಗಟ್ಟಿ ಹೆಂಗಸು. ಕಾರಿನಲ್ಲಿ ಸಾಂಬಾರಿನ ಡಬ್ಬಿ, ಬಾಳೆಎಲೆಯ ಕಟ್ಟು, ತೆಂಗಿನಕಾಯಿಯ ಚೀಲ ಏನಾದರೊಂದು ಇರುತ್ತಲೇ ಇತ್ತು. ಹಾಗಾಗಿ ತಿಂಗಳಿಗೊಮ್ಮೆ ಅವರ ಕಾರು ಇವರ ಕೈಗೆ ಬರುತ್ತಿತ್ತು.

“ಎಂತ ಮಾರಾಯ್ತಿ, ನಿನ್ನೆ ಚಟ್ನಿ ಚೆಲ್ಲಿದ್ದು ನಿನಗೆ ಗೊತ್ತಾಯ್ತಾ?”

“ಚಟ್ನಿ ಅಷ್ಟ ಅಲ್ಲ ಅಕ್ಕಾರ, ಮೊನ್ನೆ ರಸಮ್ಮೂ ಚೆಲ್ಲೀರಿ.”

ಸೇವಂತಿಯಕ್ಕ ಹಣೆ ಚಚ್ಚಿಕೊಂಡು ನಗುತ್ತಿದ್ದರು. ಒಮ್ಮೆ, ಇಬ್ಬರೂ ಬನ್ನಿ, ನಮ್ಮ ಹೋಟೆಲಿನಲ್ಲಿ ದೋಸೆ ತಿಂದು ಬರುವ ಎಂದು ಕಾರಿನ ಬಾಗಿಲು ತೆಗೆದರು. ಸುಗರಾ ಹತ್ತಲಿಲ್ಲ. ಕೆಲಸದ ಬಟ್ಟೆ, ಈಗ ತಾನೇ ತೊಳೆದ ಸೀಟು, ಬೇಡ ಎಂದುಬಿಟ್ಟಳು. ಜಮಾಲಸಾಬನಿಗೂ ಅದೇ ಸರಿ ಅನ್ನಿಸಿತು. ಮುಂದೊಂದು ಭಾನುವಾರ ಲೋಕಲ್ ಹಿಡಿದು, ದಾದರಿನಲ್ಲಿ ಒಂದಿಷ್ಟು ಬಟ್ಟೆ ನೋಡಿ, ಮಾಟುಂಗಕ್ಕೆ ಹೋಗಿ ದೋಸೆ ತಿಂದು ಬಂದರು.

ಕೆಮ್ಮು ಯಾವಾಗ ಶುರುವಾಯಿತು ಎಂದು ಆಮೇಲೆ ಡಾಕ್ಟರು ಕೇಳಿದಾಗ ಜಮಾಲಸಾಬನಿಗೆ ಹೇಳಲಾಗಲಿಲ್ಲ. ಮೊದಲು ಅದು ನೆಗಡಿ. ಆಮೇಲೆ ಮಳೆಗಾಲದ ಥಂಡಿ. ಆಮೇಲೆ, ಇದ್ದದ್ದೇ ಅದು. ಚಾಳಿನ ಮೆಟ್ಟಿಲು ಏರುವಾಗ ಸುಗರಾ ನಡುವೆ ನಿಂತು ಪಕ್ಕದ ಮನೆಯವಳ ಜೊತೆ ಮಾತು ತೆಗೆಯುತ್ತಿದ್ದಳು. ದಮ್ಮು ತಗೊಳ್ಳುವುದಕ್ಕೆ ಆಕೆ ಮಾತಾಡುತ್ತಿದ್ದಾಳೆ ಎಂದು ಅವನಿಗೆ ಹೊಳೆಯಲಿಲ್ಲ. ನಿಶಾತಳಿಗೆ ಹೊಳೆಯಿತು.

ಲ್ಯಾಬಿನಿಂದ ಅವಳು ಮಾಸ್ಕುಗಳ ಪೆಟ್ಟಿಗೆ ತಂದಿಟ್ಟಳು. “ಅಮ್ಮಿ, ಇಸ್ಕೋ ಪೆಹನ್‌ಕೇ ಕಾಮ್ ಕರ್ನಾ. ಅಬ್ಬಾ, ಕಾಚು ಬಂದ್ ಮತ್ ಕರೋ, ಸ್ಪ್ರೇ ಪೂರಾ ಅಂದರ್‌ಚ್ ರಹತಾ” ಎಂದು ದಖನಿ ಹಿಂದಿ ಕೂಡಿಸಿ ಬೈದಳು: ಹಾಕಿಕೊಂಡೇ ಕೆಲಸ ಮಾಡಬೇಕು, ಕಾಚು ಮುಚ್ಚಿದರೆ ಸ್ಪ್ರೇ ಎಲ್ಲ ಒಳಗೇ ಉಳಿಯುತ್ತದೆ.

ಮಾಸ್ಕು ಹಾಕುವುದೇನೋ ಸುಗರಾ ಹಾಕಿದಳು. ಆದರೆ ಕಾಚು ತೆರೆದಿಟ್ಟರೆ ಆ ನೆಲಮಾಳಿಗೆಯಲ್ಲಿ ಓಡಾಡುವ ಗಾಡಿಗಳ ಧೂಳು ಬಂದು ಹಸಿ ಕ್ರೀಮಿನ ಮೇಲೆ ಕೂರುತ್ತಿತ್ತು. “ಕಾಚ ಏರಸು” ಎಂದು ಜಮಾಲಸಾಬನೇ ಹೇಳುತ್ತಿದ್ದ. ಮುಚ್ಚಿದ ಕಾರಿನೊಳಗೆ ನೊರೆಯ ಸ್ಪ್ರೇ, ಪಾಲಿಶಿನ ಘಾಟು, ಬ್ರಷ್ಷು ಎಬ್ಬಿಸಿದ ಕೊಳೆ. ಕೆಲಸ ಮುಗಿಯುತ್ತ ಬಂದಾಗ ಅವನೇ ಬಗ್ಗಿ ಒಳಗೆ ನೋಡಿ ಅನ್ನುತ್ತಿದ್ದ:

“ಆ ಮಾಸ್ಕ್ ಒಮ್ಮಿ ಇಳಿಸಿ ಮೂಸಿ ನೋಡ. ಹೋಗ್ಯದೋ ಇಲ್ಲೋ?”

ಆಕೆ ಇಳಿಸುತ್ತಿದ್ದಳು. ಆಳವಾಗಿ ಉಸಿರೆಳೆದುಕೊಳ್ಳುತ್ತಿದ್ದಳು. “ಹೋಗ್ಯದ ರೀ” ಅಥವಾ “ಇನ್ನೊಮ್ಮಿ ಉಜ್ಜ್ರಿ” ಅನ್ನುತ್ತಿದ್ದಳು. ಕೆಮ್ಮು ಬಂದರೆ ಅತ್ತ ತಿರುಗಿ ಕೆಮ್ಮುತ್ತಿದ್ದಳು, ತೊಳೆದ ಸೀಟಿನ ಮೇಲೆ ಬೀಳದಂತೆ.

ಕೊನೆಗೆ ದೊಡ್ಡ ದವಾಖಾನೆಗೆ ಹೋದಾಗ ಎದೆಯ ಫೋಟೋ ತೆಗೆದು ನೋಡಿದ ಡಾಕ್ಟರು, ಶ್ವಾಸಕೋಶ ಗಟ್ಟಿಯಾಗಿಬಿಟ್ಟಿದೆ, ಮೆತ್ತಗಾಗುವುದಿಲ್ಲ ಎಂದರು. ಇದು ಯಾಕಾಯಿತು ಎಂದು ನಿಶಾತ ಕೇಳಿದಳು. ಅವರು ಒಳ್ಳೆಯವರು, ನಿಧಾನವಾಗಿ ಬಿಡಿಸಿ ಹೇಳಿದರು. ಚಿಕ್ಕಂದಿನ ಒಲೆಯ ಹೊಗೆ ಇರಬಹುದು, ಪಾರಿವಾಳದ ಹಿಕ್ಕೆಯಿಂದಲೂ ಹೀಗಾಗುತ್ತದೆ, ಕೆಲಸದ ಜಾಗದ ಧೂಳು, ಸ್ಪ್ರೇ ಇರಬಹುದು, ಇವು ಯಾವುವೂ ಅಲ್ಲದೆಯೂ ಬರುತ್ತದೆ. ಇಂಥದ್ದೇ ಎಂದು ಯಾರೂ ಬೆರಳಿಟ್ಟು ತೋರಿಸಲಾರರು ಎಂದರು. ಜಮಾಲಸಾಬ ತಲೆ ಅಲ್ಲಾಡಿಸಿದ. ಹೊರಗೆ ಬಂದ ಮೇಲೆ ನಿಶಾತ ತಂದೆಯ ಕಡೆ ನೋಡಲಿಲ್ಲ. ರಿಕ್ಷಾದಲ್ಲಿ ತಾಯಿಯ ಆ ಪಕ್ಕಕ್ಕೆ ಹೋಗಿ ಕೂತಳು.

ಸುಗರಾ ಮನೆಯಲ್ಲಿ ಉಳಿದಳು. ಮೂಗಿಗೆ ನಳಿಗೆ ಬಂತು, ಮಂಚದ ಪಕ್ಕ ಗುಯ್ಯೆನ್ನುವ ಆಕ್ಸಿಜನ್ ಮಶೀನು ಬಂತು. ಜಮಾಲಸಾಬ ಒಬ್ಬನೇ ಪವಾಯಿಗೆ ಹೋಗಿ ಬರತೊಡಗಿದ. ಕೈ ಓಡುತ್ತಿತ್ತು, ಆದರೆ ಮುಗಿದ ಮೇಲೆ ಮುಗಿದಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಕಾರಿನಲ್ಲಿ ತಾನೇ ಕೂತು ಕಣ್ಣು ಮುಚ್ಚಿ ಮೂಸುತ್ತಿದ್ದ. ಪಾಲಿಶಿನ ವಾಸನೆ ಬಿಟ್ಟರೆ ಅವನಿಗೆ ಬೇರೇನೂ ಬರುತ್ತಿರಲಿಲ್ಲ.

ಒಂದು ಸಲ ಒಂದು ಕಾರಿನ ಕಾರ್ಪೆಟ್ಟು ಅವನನ್ನು ಸೋಲಿಸಿತು. ತೊಳೆದರೂ ಏನೋ ಹುಳಿ ನಾತ, ಏನೆಂದು ತಿಳಿಯದು. ಕಾಲಡಿಯ ಆ ಚೌಕದ ಮ್ಯಾಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಮನೆಗೆ ತಂದ. ನಿಶಾತ ಇನ್ನೂ ಲ್ಯಾಬಿನಿಂದ ಬಂದಿರಲಿಲ್ಲ.

“ಸುಗರಾ, ಇದನ್ನ ಒಂದೀಟ ನೋಡ್ತೀ ಏನ? ಬ್ಯಾಡ ಅಂದ್ರ ಬ್ಯಾಡ.”

ಸುಗರಾಳ ಮುಖ ಅರಳಿದ ರೀತಿಯನ್ನು ಅವನಿಗೆ ಮುಂದೆ ಎಂದೂ ಮರೆಯಲಾಗಲಿಲ್ಲ. ಎಷ್ಟೋ ದಿನದಿಂದ ಅವಳನ್ನು ಯಾರೂ ಏನೂ ಕೇಳಿರಲಿಲ್ಲ, ಗುಳಿಗೆ ನುಂಗಿದೆಯಾ, ಉಂಡೆಯಾ ಎಂಬುದನ್ನು ಬಿಟ್ಟು. ಎದ್ದು ದಿಂಬಿಗೊರಗಿ ಕೂತಳು. ನಳಿಗೆ ಸರಿಸಿ, ಚೀಲದ ಬಾಯಿ ಬಿಚ್ಚಿ ಮುಖ ಹತ್ತಿರ ಒಯ್ದಳು.

“ಮೊಸರು ರೀ. ಮೊಸರು ಅಲ್ಲ, ಮಜ್ಜಿಗಿ. ಇದರೊಳಗ ಇಂಗು ಅದ ನೋಡ್ರಿ. ಬಿಸಿನೀರು ಹಾಕೀರಿ, ಅದಕ್ಕ ಕುಂತುಬಿಟ್ಟದ. ತಣ್ಣೀರು, ಸೋಡಾ ಪುಡಿ...” ಅಷ್ಟು ಹೇಳುವಷ್ಟರಲ್ಲಿ ಕೆಮ್ಮು ಹತ್ತಿಕೊಂಡಿತು. ಕೆಮ್ಮುತ್ತಲೇ ನಗುತ್ತಿದ್ದಳು.

ಅದಾದ ಮೇಲೆ ಅವನು ಮತ್ತೆ ತಂದ. ಒಮ್ಮೆ ತಲೆದಿಂಬು, ಒಮ್ಮೆ ಒರೆಸಿದ ಬಟ್ಟೆಯ ತುಂಡು. ಬೇಕಾಗಿರಲಿಲ್ಲ, ಆದರೂ ತಂದ. ಆಕೆಯ ಮುಖ ಅರಳುವುದನ್ನು ನೋಡಲಿಕ್ಕೆ ತಂದನೋ, ಕೆಲಸ ಸರಿಯಾಗಲಿ ಎಂದು ತಂದನೋ, ಅವನಿಗೇ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಸುಗರಾಳೇ ಬಾಗಿಲ ಕಡೆ ನೋಡುತ್ತ, “ಇವತ್ತೇನ ತಂದೀರಿ?” ಎಂದು ಕೇಳುವಂತಾದಳು.

ನಿಶಾತ ಒಂದು ಸಂಜೆ ಬೇಗ ಬಂದಳು. ನಳಿಗೆ ಹಾಸಿಗೆಯ ಮೇಲೆ ಬಿದ್ದಿತ್ತು. ತಾಯಿಯ ಮುಖ ಪ್ಲಾಸ್ಟಿಕ್ ಚೀಲದೊಳಗಿತ್ತು. ತಂದೆ ಎದುರಿಗೆ ತುದಿಗಾಲಲ್ಲಿ ಕೂತಿದ್ದ.

ಅವಳು ಕೂಗಾಡಲಿಲ್ಲ. ಚೀಲ ಕಸಿದು ಹೊರಗೆ ಎಸೆದಳು. ನಳಿಗೆ ಒರೆಸಿ ತಾಯಿಯ ಮೂಗಿಗೆ ಇಟ್ಟಳು. ಆಮೇಲೆ ತಂದೆಯ ಕಡೆ ತಿರುಗಿ, “ಅಬ್ಬಾ, ಆಪ್ ಇನ್ಸಾನ್ ಹೈ?” ಎಂದಳು. ಅಷ್ಟೇ. ನೀವು ಮನುಷ್ಯರೇನು ಎಂದು ಮಗಳ ಬಾಯಲ್ಲಿ ಕೇಳಿಸಿಕೊಂಡು ಜಮಾಲಸಾಬ ಚಾಳಿನ ಮೆಟ್ಟಿಲ ಮೇಲೆ ಬಂದು ಕೂತ. ಒಳಗೆ ಸುಗರಾ ಉಸಿರು ಕೂಡಿಸಿಕೊಳ್ಳುತ್ತ, ನಾನೇ ಕೇಳಿದ್ದು, ನಾನೇ ತರಿಸಿದ್ದು ಎಂದು ಹೇಳುತ್ತಿರುವುದು ಕೇಳಿಸುತ್ತಿತ್ತು.

ಮಳೆ ಹಿಡಿದ ಮೇಲೆ ಸುಗರಾಳಿಗೆ ಕಷ್ಟ ಹೆಚ್ಚಾಯಿತು. ಆ ದಿನ ಬೆಳಿಗ್ಗೆ ಚಹಾ ಕುಡಿದಿದ್ದಳು. ಹೋಗಿ ಬರ್ರಿ, ಇವತ್ತು ಅಕ್ಕಾರ ಗಾಡಿ ಅಲ್ಲೇನು, ಮಳ್ಯಾಗ ಹಸಿ ಹಿಡಿದಿರ್ತದ, ಕಾರ್ಪೆಟ್ ಎತ್ತಿ ನೋಡ್ರಿ ಎಂದು ಹೇಳಿ ಕಳಿಸಿದ್ದಳು. ಅವನು ಕಾರ್ಪೆಟ್ಟು ಎತ್ತಿ ನೋಡಿದ. ಒಣಗಿಸಿದ. ತಿಳಿ ಹಳದಿ ಬಣ್ಣದ ಆ ಸೀಟುಗಳನ್ನು ತೊಳೆದು, ಒರೆಸಿ, ಕ್ರೀಮು ಹಚ್ಚಿ ಮುಗಿಸುತ್ತಿದ್ದಾಗ ಫೋನು ಬಂತು. ನಿಶಾತಳ ದನಿ ದನಿಯಂತಿರಲಿಲ್ಲ. ಅಂಬ್ಯುಲೆನ್ಸಿಗೆ ಹೇಳಿದ್ದೇನೆ, ನೀರು ನಿಂತು ಎಲ್ಲೋ ಸಿಕ್ಕಿಕೊಂಡಿದೆಯಂತೆ, ಅಮ್ಮಿಯ ತುಟಿ ನೀಲಿಯಾಗುತ್ತಿದೆ ಎಂದಳು.

ಆ ಹೊತ್ತಿಗೆ ಸರಿಯಾಗಿ, ಕಾರಿನ ಕೆಲಸ ಮುಗಿಯಲಿ ಎಂದು ಆ ದಿನ ತಡಮಾಡಿ ಮಾಟುಂಗಕ್ಕೆ ಹೊರಟ ಸೇವಂತಿಯಕ್ಕ ಲಿಫ್ಟಿನಿಂದ ಇಳಿದರು. ಅವನ ಮುಖ ನೋಡಿದವರು ಕೈಯಲ್ಲಿದ್ದ ಚೀಲ ಅಲ್ಲೇ ನೆಲಕ್ಕಿಟ್ಟರು.

“ಎಂತ ಆಯ್ತು?”

“ಸುಗರಾ...” ಎಂದು ಅವನು ಕೈಯಲ್ಲಿದ್ದ ಫೋನು ತೋರಿಸಿದ.

“ಕೂತ್ಕೊಳ್ಳಿ ಕಾರಲ್ಲಿ. ಜಮಾಲಣ್ಣ, ಕೂತ್ಕೊಳ್ಳಿ ಅಂದೆ!”

ಪಾರ್ಕ್‌ಸೈಟಿನ ಗುಡ್ಡದ ಬುಡದವರೆಗೆ ಮಾತ್ರ ಕಾರು ಹೋಗುತ್ತದೆ. ಚಾಳಿನವರು ಸುಗರಾಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ, ಕುರ್ಚಿಯನ್ನೇ ಎತ್ತಿಕೊಂಡು ಮೆಟ್ಟಿಲಿಳಿದು ಬಂದಿದ್ದರು. ಯಾರೋ ಅವಳ ತಲೆಯ ಮೇಲೆ ಕೊಡೆ ಹಿಡಿದಿದ್ದರು. ಹಿಂದಿನ ಸೀಟಿನಲ್ಲಿ ಜಮಾಲಸಾಬನ ತೊಡೆಯ ಮೇಲೆ ತಲೆಯಿಟ್ಟು ಮಲಗಿಸಿದರು. ನಿಶಾತ ಮುಂದೆ ಕೂತು, ತಿರುಗಿ, ತಾಯಿಯ ಕೈ ಹಿಡಿದುಕೊಂಡಳು. ಕಾರು ಹೊರಟಿತು.

ಸುಗರಾಳ ಒಂದು ಕೈ ಎದೆಯ ಮೇಲಿನ ಓಢಣಿಯನ್ನು ಎಳೆಯುತ್ತಿತ್ತು. ಸೆಖೆಯಾಗುತ್ತಿರಬೇಕೆಂದು ಅವನು ಅದನ್ನು ಸಡಿಲಿಸಿದ. ಆಕೆ ಅದನ್ನು ತನ್ನ ಮೈಯಡಿಗೆ ತುರುಕಲು ನೋಡುತ್ತಿದ್ದಳು.

“ಸೀಟ್... ಕೆಡ್ತದ ರೀ...”

“ಕೆಡ್ಲಿ ಬಿಡ. ಸುಮ್ನಿರು ನೀ. ಕೆಡ್ಲಿ.”

“ಸುಗರಾ, ಸೀಟು ಹಾಳಾಗಿ ಹೋಗಲಿ ಮಾರಾಯ್ತಿ, ನೀನು ಉಸಿರು ತಗೋ” ಎಂದು ಸೇವಂತಿಯಕ್ಕ ಮುಂದಿನಿಂದ ಕೂಗಿದರು. ಹಾರ್ನು ಒತ್ತಿದ ಕೈ ಎತ್ತಿರಲಿಲ್ಲ. ಮಳೆಯಲ್ಲಿ ರಸ್ತೆ ತುಂಬ ಗಾಡಿಗಳು ಒಂದರ ಹಿಂದೊಂದು ನಿಂತಿದ್ದವು. ಕಾಚಿನ ಹೊರಗೆ ನೀರು, ಕೆಂಪು ದೀಪಗಳು, ಏನೂ ಕದಲುತ್ತಿಲ್ಲ. ಕೆಮ್ಮು ಬಂತು. ಕೆಮ್ಮಿನ ಜೊತೆ ರಕ್ತದ ಕಲೆಯಿದ್ದ ಕಫ ಬಂತು, ಓಢಣಿ ದಾಟಿ ಸೀಟಿಗೂ ಹರಿಯಿತು. ಮೈಯ ಹತೋಟಿಯೂ ತಪ್ಪಿತು. ಅದು ತಿಳಿದು ಸುಗರಾ ಕಣ್ಣು ಮುಚ್ಚಿಕೊಂಡಳು. ಆಕೆಯ ಕಣ್ಣಂಚಿನಿಂದ ಇಳಿದ ನೀರು ಅವನ ತೊಡೆಗೆ ಬೆಚ್ಚಗೆ ತಾಗಿತು.

ಸ್ವಲ್ಪ ಹೊತ್ತು ಉಸಿರು ಹದಕ್ಕೆ ಬಂದಂತಾಯಿತು. ಮೂಗಿನ ಹೊಳ್ಳೆ ಮೆಲ್ಲಗೆ ಅರಳಿತು. ಅವಳು ಮೂಸುತ್ತಿದ್ದಾಳೆ ಎಂದು ಜಮಾಲಸಾಬನಿಗೆ ತಿಳಿಯಿತು.

“ಛಲೋ ಮಾಡೀರಿ” ಅಂದಳು. ಆಮೇಲೆ ಬಹಳ ಹೊತ್ತು ಬಿಟ್ಟು, “ಖರೇ... ಹಿಂದ ಎಲ್ಲೋ ಹಸಿ ಉಳದದ. ಡಿಕ್ಕಿ ಕಡೆ.”

“ಹೂಂ. ನಾ ನೋಡ್ತೀನಿ.”

“ನೋಡ್ರಿ ಮತ್ತ.”

ದವಾಖಾನೆಯ ಗೇಟು ಕಾಣುವ ಹೊತ್ತಿಗೆ ನಿಶಾತ ಹಿಡಿದಿದ್ದ ಕೈ ತಣ್ಣಗಾಗಿತ್ತು. ಒಳಗೆ ಒಯ್ದರು, ಎದೆ ಒತ್ತಿದರು, ಮಾಡಬೇಕಾದದ್ದೆಲ್ಲ ಮಾಡಿದರು. ಡಾಕ್ಟರು ಹೊರಗೆ ಬಂದು ಹೇಳುವ ಮೊದಲೇ ಸೇವಂತಿಯಕ್ಕ ನಿಶಾತಳನ್ನು ಅವುಚಿಕೊಂಡಿದ್ದರು. ಜಮಾಲಸಾಬ ಗೋಡೆಗೊರಗಿ ನಿಂತಿದ್ದ. ಕೈಯಲ್ಲಿ ಒರೆಸುವ ಬಟ್ಟೆ ಇತ್ತು. ಪವಾಯಿಯಿಂದ ಅದನ್ನು ಹಿಡಿದೇ ಬಂದಿದ್ದ.

ಬಾಜೂ ಮನೆಯ ಹೆಂಗಸರು ಆಕೆಗೆ ನೀರೆರೆದರು. ಮಳೆಯಲ್ಲೇ ಮಣ್ಣು ಮಾಡಿ ಬಂದರು. ತಾಳಿಕೋಟಿಯಿಂದ ಆಕೆಯ ಅಣ್ಣತಮ್ಮಂದಿರು ಬಂದರು, ಮೂರನೇ ದಿನದ ಜಿಯಾರತ್ ಮುಗಿಸಿಕೊಂಡು ಹೋದರು. ಮನೆಯಲ್ಲಿ ಮಶೀನಿನ ಗುಯ್ಯೆನ್ನುವ ಸದ್ದು ನಿಂತಿತ್ತು. ಆ ಸದ್ದಿಗೆ ಒಗ್ಗಿ ಹೋಗಿದ್ದ ತಂದೆ ಮಗಳಿಗೆ ಈಗ ನಿದ್ದೆ ಹತ್ತುತ್ತಿರಲಿಲ್ಲ.

ಜಮಾಲಸಾಬ ಪವಾಯಿಗೆ ಹೋದಾಗ ಸೇವಂತಿಯಕ್ಕನ ಕಾರು ತನ್ನ ಜಾಗದಲ್ಲಿ ಬಟ್ಟೆ ಹೊದ್ದು ನಿಂತಿತ್ತು. ಅವರು ಹೋಟೆಲಿಗೆ ಟ್ಯಾಕ್ಸಿಯಲ್ಲಿ ಹೋಗಿ ಬರುತ್ತಿದ್ದರು. ಇವನು ಬಂದನೆಂದು ವಾಚ್‌ಮನ್ ಫೋನು ಮಾಡಿದ್ದಕ್ಕೆ ಅವರೇ ಕೆಳಗಿಳಿದು ಬಂದರು.

“ಬೇಡ ಜಮಾಲಣ್ಣ. ನೀವು ಇದನ್ನು ಮುಟ್ಟುವುದು ಬೇಡ. ಎಲ್ಲಿಗಾದರೂ ಕಳಿಸಿ ಆ ಸೀಟನ್ನೇ ಬದಲು ಮಾಡಿಸ್ತೇನೆ ನಾನು.”

“ಬ್ಯಾರೆಯವ್ರ ಕೈಲೆ ಬ್ಯಾಡ್ರಿ ಅಕ್ಕಾರ. ಆಕಿಗೆ ನಾಚಿಕಿ ಆಗ್ತದ.”

ಸೇವಂತಿಯಕ್ಕ ಕೀಲಿ ಕೊಟ್ಟು ಹೋದರು.

ಬಾಗಿಲು ತೆರೆದಾಗ ಅವನಿಗೂ ಗೊತ್ತಾಗುವಷ್ಟು ವಾಸನೆ ಇತ್ತು. ಮೊದಲ ಸಲ ಅವನ ಮೂಗು ಎಲ್ಲವನ್ನೂ ಬೇರೆಬೇರೆಯಾಗಿ ಹಿಡಿಯಿತು. ಔಷಧಿ, ಮೂತ್ರ, ಕೊಬ್ಬರಿ ಎಣ್ಣೆ, ಸುಗರಾ ತಲೆಗೆ ಹಾಕುತ್ತಿದ್ದ ಸೀಗೆಪುಡಿ. ಅವನು ಮೊದಲು ಡಿಕ್ಕಿ ತೆಗೆದ. ಹಾಸು ಎತ್ತಿ, ಸ್ಟೆಪ್ನಿ ಹೊರಗಿಟ್ಟು ಕೆಳಗೆ ಕೈಹಾಕಿದ. ಮಳೆನೀರು ನಿಂತು ಪಾಚಿಗಟ್ಟಿತ್ತು. ಬೆರಳ ತುದಿಗೆ ಆ ನೀರು ತಾಗಿದ್ದೇ ತಡ, ದವಾಖಾನೆಯಲ್ಲೂ ಕಬರಸ್ತಾನದಲ್ಲೂ ಬಾರದಿದ್ದ ಅಳು ಬಂತು. ಡಿಕ್ಕಿಯ ಅಂಚಿಗೆ ಹಣೆ ಕೊಟ್ಟು ಅತ್ತ. ಅತ್ತು ಮುಗಿಸಿ ಆ ನೀರು ಬಳಿದ, ಒರೆಸಿದ, ಒಣಗಿಸಿದ.

ಆಮೇಲೆ ಸೀಟು. ಅಂಚಿನ ಹೊಲಿಗೆಗೆ ಒಂದು ಉದ್ದ ಕೂದಲು ಸಿಕ್ಕಿತ್ತು, ಅರ್ಧ ಬೆಳ್ಳಗಾದದ್ದು. ಮಶೀನು ಹಚ್ಚಲಿಲ್ಲ. ಉಗುರಿನಿಂದ ಬಿಡಿಸಿ ಅಂಗಿಯ ಗುಂಡಿಗೆ ಸುತ್ತಿಕೊಂಡ. ಕಲೆಗೆ ತಣ್ಣೀರು ಹಾಕಿದ. ಮೆತ್ತಗೆ, ಮಲಗಿದವರ ಮೈ ಒರೆಸುವ ಹಾಗೆ, ಒತ್ತಿ ಒತ್ತಿ ತೆಗೆದ. ನೊರೆ ಕೆಂಪಾಯಿತು, ಕಂದು ಬಣ್ಣಕ್ಕೆ ತಿರುಗಿತು, ಬೆಳ್ಳಗಾಯಿತು. ಕ್ರೀಮು ಸವರಿದ. ಬೆಳಿಗ್ಗೆ ಶುರುಮಾಡಿದ್ದು ಮುಗಿಯುವ ಹೊತ್ತಿಗೆ ಮೇಲೆ ಶಾಲೆಯ ಬಸ್ಸುಗಳು ವಾಪಸ್ಸು ಬರುವ ಸದ್ದು ಕೇಳಿಸುತ್ತಿತ್ತು. ಸೀಟು ಹೊಸದರಂತಿತ್ತು. ಮೊದಲು ಯಾರೂ ಅಲ್ಲಿ ಕೂತೇ ಇರಲಿಲ್ಲವೇನೋ ಎಂಬಂತಿತ್ತು.

ಬಸ್ಸಿನಲ್ಲಿ ನೂಕುನುಗ್ಗಲು. ಮನೆ ಮುಟ್ಟಿ ಅಂಗಿ ಬಿಚ್ಚುವಾಗ ಗುಂಡಿ ನೋಡಿಕೊಂಡ. ಕೂದಲು ಇರಲಿಲ್ಲ.

ಮರುದಿನ ಅವನು ಇನ್ನೊಂದು ಕಾರಿನ ಕೆಲಸದಲ್ಲಿದ್ದಾಗ ನಿಶಾತ ನೆಲಮಾಳಿಗೆಗೆ ಇಳಿದು ಬಂದಳು. ಲ್ಯಾಬಿನ ಗುರುತಿನ ಚೀಟಿ ಕೊರಳಲ್ಲಿ ಹಾಗೇ ಇತ್ತು. ತಂದೆಯನ್ನು ಮಾತಾಡಿಸದೆ ಸೇವಂತಿಯಕ್ಕನ ಕಾರಿನ ಹತ್ತಿರ ಹೋದಳು. ಕೀಲಿ ಮೊದಲೇ ಅವರಿಂದ ಇಸಿದುಕೊಂಡು ಬಂದಿದ್ದಳು. ಹಿಂದಿನ ಬಾಗಿಲು ತೆಗೆದು ಒಳಗೆ ಕೂತಳು.

ಜಮಾಲಸಾಬ ಬಟ್ಟೆ ಕೆಳಗಿಟ್ಟು ಹತ್ತಿರ ಬಂದ. ಮಗಳು ಸೀಟಿನ ಮೇಲೆ ಅಂಗೈ ಆಡಿಸುತ್ತಿದ್ದಳು, ಕತ್ತಲಲ್ಲಿ ಏನೋ ಹುಡುಕುವವರ ಹಾಗೆ. ಬಗ್ಗಿ ಮುಖ ಸೀಟಿಗೊತ್ತಿದಳು. ತಾಯಿಯ ತಲೆಯಿದ್ದ ಜಾಗ, ಕಾಲಿದ್ದ ಜಾಗ. ಉಸಿರೆಳೆದು ನೋಡಿದಳು. ಮತ್ತೆ ಎಳೆದು ನೋಡಿದಳು. ಆಮೇಲೆ ಮುಖವೆತ್ತಿದಳು.

“ಸಾಫ್ ಕರ್ ದಿಯೇ? ಅಬ್ಬಾ? ಇಸ್ಕೋ ಭೀ ಸಾಫ್ ಕರ್ ದಿಯೇ?”

“ಆಕಿಗೆ ನಾಚಿಕಿ ಆಗಿತ್ತು, ಬೇಟಿ. ಹಂಗ ಬಿಡಬಾರ್ದು ಅಂತ...”

“ಕುಛ್ ಭೀ ನಹೀ ಛೋಡೇ.” ಏನೂ ಬಿಡಲಿಲ್ಲ ಎಂದು ಅವಳು ಅದನ್ನೇ ಮತ್ತೆ ಮತ್ತೆ ಅಂದಳು, ಮೊದಲು ಅವನಿಗೆ, ಆಮೇಲೆ ಸೀಟಿಗೆ, ಆಮೇಲೆ ಯಾರಿಗೂ ಅಲ್ಲ. ಮಲಗಿದಳು. ಮೊಣಕಾಲು ಮಡಚಿ, ತಾಯಿ ಮಲಗಿದ್ದ ಹಾಗೆ ಮಲಗಿ ಅತ್ತಳು. ಒಳಗೆ ಹೋಗಿ ತಲೆ ಸವರಬೇಕೆಂದು ಜಮಾಲಸಾಬನ ಕೈ ಎದ್ದಿತು. ಕೈಗೆ ಪಾಲಿಶಿನ ವಾಸನೆ ಇತ್ತು. ಬಾಗಿಲ ಹೊರಗೇ ನಿಂತ.

ಸುಗರಾ ಹೋದ ಮೇಲೂ ಅವನು ಕೆಲಸ ಬಿಡಲಿಲ್ಲ. ಬಿಟ್ಟು ಮಾಡುವುದಾದರೂ ಏನನ್ನು? ಆದರೆ ಈಗ ಕಾರಿನ ಬಾಗಿಲು ನಾಲ್ಕೂ ತೆರೆದಿಟ್ಟೇ ಮಾಡುತ್ತಾನೆ. ಧೂಳು ಕೂರುತ್ತದೆ ಎಂದು ಯಾರಾದರೂ ಹೇಳಿದರೆ, ಕೂರಲಿ, ಮತ್ತೆ ಒರೆಸುತ್ತೇನೆ ಅನ್ನುತ್ತಾನೆ. ಸೇವಂತಿಯಕ್ಕ ಆ ಕಾರನ್ನು ಮಾರಲಿಲ್ಲ. ಹಿಂದಿನ ಸೀಟಿನಲ್ಲಿ ಇನ್ನು ತೆಂಗಿನಕಾಯಿ ಚೀಲ ಇಡುವುದಿಲ್ಲ, ಅಷ್ಟೇ. ನಿಶಾತ ಬೇಕಾದಷ್ಟು ಮಾತಾಡುತ್ತಾಳೆ: ಊಟ ಆಯಿತೇ, ನೀರು ಬಂದಿದೆ, ಗ್ಯಾಸು ಮುಗಿದಿದೆ. ತಂದೆಗೆ ಬುತ್ತಿ ಕಟ್ಟುತ್ತಾಳೆ. ಮುಖ ನೋಡುವುದಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಶುಕ್ರವಾರ ಅವನು ಕಬರಸ್ತಾನಕ್ಕೆ ಹೊರಟಾಗ ನಿಶಾತಳೂ ಹೊರಟಳು. ಗೇಟಿನ ಹತ್ತಿರ ಹೂವು ಮಾರುವವನ ಪಕ್ಕ ಅವಳು ನಿಂತಳು. ಅಲ್ಲಿ ಹೆಂಗಸರು ಒಳಗೆ ಹೋಗುವ ರೂಢಿ ಇಲ್ಲ. ಜಮಾಲಸಾಬ ಒಂದು ಹಿಡಿ ಗುಲಾಬಿ ಎಸಳು ತಗೊಂಡು ಹೆಜ್ಜೆ ಹಾಕಿದಾಗ ಹಿಂದಿನಿಂದ, “ಅಬ್ಬಾ” ಎಂದಳು.

ಅವನು ತಿರುಗಿದ.

“ಅಮ್ಮಿಗೆ ಹೇಳ್ರಿ...” ಮಗಳು ಕನ್ನಡದಲ್ಲಿ ಮಾತಾಡುತ್ತಿದ್ದಳು. ಅವನೊಂದಿಗೆ ಅವಳು ಕನ್ನಡ ಆಡಿದ್ದು ಅದೇ ಮೊದಲು. ಮಾತು ತಡವರಿಸುತ್ತಿತ್ತು, ದನಿ ಮಾತ್ರ ತಾಯಿಯದೇ. “ನನ್ನ ಸಿಟ್ಟು... ಇನ್ನಾ ಹೋಗಿಲ್ಲ ಅಂತ ಹೇಳ್ರಿ. ಹೋದ ಮ್ಯಾಲ ನಾನೇ ಹೇಳ್ತೀನಿ ಅಂತ ಹೇಳ್ರಿ.”

ಜಮಾಲಸಾಬ ತಲೆಯಾಡಿಸಿದ. ಒಳಗೆ ಹೋಗಿ ಎಸಳು ಹಾಕಿ, ಫಾತಿಹಾ ಓದಿ, ಮಣ್ಣಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತು, ಮಗಳು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದ. ತನ್ನ ಕಡೆಯಿಂದ ಏನಾದರೂ ಕೂಡಿಸಬೇಕು ಎಂದುಕೊಂಡ. ಆಗಲಿಲ್ಲ.

“ಹೇಳಿದ್ರಿ?” ಎಂದು ನಿಶಾತ ಗೇಟಿನಲ್ಲಿ ಕೇಳಿದಳು.

“ಹೇಳ್ದೆ.”

ಇಬ್ಬರೂ ಬಸ್ ಸ್ಟಾಪಿನ ಕಡೆ ನಡೆದರು. ಅವಳು ಮುಂದೆ, ಅವನು ಹಿಂದೆ.